ಖಾರ ಕಡೀಕ ಹಾಕು, ತಮ್ಮಾ

ಬೈಲಹೊಂಗಲ

ಚಿ. ತಮ್ಮಗ,

ಪುಣೆದಾಗ ನೀ ಓಟಿಜಿ ಓವನ್ ತಗೊಂಡಿದ್ದು, ಕೋಳಿ ರೆಕ್ಕಿ ಸುಡಾಕ ಹೋಗಿ ಮ್ಯಾಲ ಕರಕಲ, ಒಳಗ ಮೆತ್ತಗ ಆಗಿದ್ದು, ಎಲ್ಲಾ ರಾಮದುರ್ಗದಿಂದ ನಿಮ್ಮವ್ವ ಫೋನ್ ಮಾಡಿ ನಕ್ಕೋಂತ ಹೇಳಿದಳು. ನೀ ಏನ್ ಮಾಡಿರಬೇಕು ಅಂತ ನನಗ ಇಲ್ಲೆ ಕುಂತ ಗೊತ್ತಾತು. ಆಕಿ ಕಟ್ಟಿಕೊಟ್ಟ ಮಸಾಲಿ ಖಾರ ಮೊಸರಿನ್ಯಾಗ ಕಲಿಸಿ, ರೆಕ್ಕಿಗೆ ದಪ್ಪಗ ಬಡದು, ಹಂಗ ಒಳಗ ತಳ್ಳಿರತಿ. ರಸಾಕ್ಕಾದ್ರ ಸರಿ. ಓವನ್ನಿಗೆ ಅದು ಆಗಿಬರೂದಿಲ್ಲ.

ನಮ್ಮ ಖಾರದಾಗ ಏನೇನೈತಿ ನೋಡು. ಬ್ಯಾಸಗ್ಯಾಗ ಬ್ಯಾಡಗಿ ಮೆಣಸಿನಕಾಯಿ ಒಣಗಿಸಿ, ಕೊತ್ತಂಬರಿ ಕಾಳು, ಒಣಕೊಬ್ಬರಿ, ಲವಂಗ, ಚಕ್ಕಿ ಹುರದು, ಬಳ್ಳೊಳ್ಳಿ ಕೂಡಿಸಿ ಕುಟ್ಟಿ, ವರ್ಷಕ್ಕಾಗುವಷ್ಟು ಬರಣಿ ತುಂಬಿಡತಾರ. ಒಮ್ಮೆ ಹುರದ ಸಾಮಾನದು. ಅದನ್ನ 220 ಡಿಗ್ರಿ ಕಾವಿನ್ಯಾಗ ಮುಕ್ಕಾಲು ತಾಸು ಇಟ್ರ ಎರಡನೇ ಸಲ ಹುರದು, ಕಪ್ಪಾಗಿ ಕಹಿ ಬರತೈತಿ. ರಸಾದಾಗ ನೀರಿರತೈತಿ, ಕುದಿಯೋ ನೀರು 100 ಡಿಗ್ರಿ ದಾಟೂದಿಲ್ಲ, ಅದಕ್ಕ ಅಲ್ಲೆ ಖಾರ ಹೊತ್ತೂದಿಲ್ಲ. ಮತ್ತ ಕಿತ್ತೂರ ಹೆದ್ದಾರಿ ಧಾಬಾದಾಗ ತಂದೂರಿಗೆ ಮಸಾಲಿ ಮದ್ಲ ಹಚ್ಚತಾರಲ್ಲೋ ಮಾವಾ ಅಂತಿ. ಆ ಭಟ್ಟಿ 400 ಡಿಗ್ರಿ ತನಕಾ ಕಾದಿರತೈತಿ; ಕೋಳಿ ಜಲ್ದಿ ಬೆಂದು ಹೊರಗ ಬರತೈತಿ. ನಿನ್ನ ಪೆಟಿಗಿಗೆ ಆ ಕಾವಿಲ್ಲ, ಹೊತ್ತು ಹಿಡೀತೈತಿ. ಹಿಂಗಾಗಿ ರೆಕ್ಕಿ ಬರೇ ಉಪ್ಪಿನ್ಯಾಗ ಬೇಯಲಿ, ಖಾರ ಕಡೀಕ.

ಅದಕ್ಕೂ ಮದ್ಲ ಅಂಗಡ್ಯಾಗ ಒಂದು ಮಾತು ಹೇಳೂದೈತಿ: ಚರ್ಮ ತಗೀಬ್ಯಾಡ್ರಿ ಅಂತ. ಬಾಯ್ಲರ್ ಅಂಗಡ್ಯಾಂವ ಪುಚ್ಚ ಕೀಳಾಕ ಕುಂಡ್ರೂದಿಲ್ಲ. ಪುಚ್ಚದ ಸಮೇತ ಚರ್ಮಾನ ಅಂಗಿ ಕಳದಂಗ ಎಳದು ಒಗೀತಾನ. ಆ ಬೋಳ ರೆಕ್ಕಿ ಓವನ್ನಿನ್ಯಾಗ ನಾರಾಗತೈತಿ. ರೆಕ್ಕಿ ರುಚಿ ಇರೂದ ಚರ್ಮದಾಗ. ಅದರ ಕೆಳಗಿನ ಕೊಬ್ಬು ಕರಗಿ ಚರ್ಮಾನ ತಾನ ಕರೀತೈತಿ, ಬ್ಯಾರೆ ಎಣ್ಣಿ ಬೇಕಾಗೂದಿಲ್ಲ. ಭಾನುವಾರ ಗದ್ದಲದಾಗ ಹೇಳಿದ್ರ ಯಾರೂ ಕೇಳೂದಿಲ್ಲ, ಹಿಂದಿನ ದಿನಾನ ಹೇಳಿಡು. ಜವಾರಿ ಕೋಳಿ ಹುಡುಕಬ್ಯಾಡ. ಅದು ಗೋಡಿ ಹಾರಿ ಗಟ್ಟಿ ಆದ ರೆಕ್ಕಿ, ರಸಾದಾಗ ಎರಡು ತಾಸು ಕುದೀಬೇಕು. ನಾ ಬಾಯ್ಲರ್ ಕೋಳಿ ಹೊಗಳೂದು ಇದೊಂದ ಕೆಲಸಕ್ಕ.

ಒಂದು ಕೇಜಿ ರೆಕ್ಕಿ ತಗೋ. ಎರಡೂ ಕೀಲಿಗೆ ಕೊಯ್ದು ಮೂರು ತುಂಡು ಮಾಡು. ತುದಿ ಚೂರಿನ್ಯಾಗ ಮಾಂಸ ಇಲ್ಲ, ರಸಾಕ್ಕ ಎತ್ತಿಡು. ಉಳದಿದ್ದನ್ನ ಟಿಶ್ಯೂ ಕಾಗದಲೆ ಒರಸು, ಮತ್ತೊಮ್ಮೆ ಒರಸು. ಹಸಿ ಉಳದ್ರ ಕಾವೆಲ್ಲಾ ಆ ನೀರು ಆರಸಾಕ ಹೋಗತೈತಿ, ಚರ್ಮ ಕೆಂಪಾಗೂದಿಲ್ಲ. ಒಂದೂವರಿ ಸಣ್ಣ ಚಮಚಿ ಉಪ್ಪು, ಎರಡು ಸಣ್ಣ ಚಮಚಿ ಬೇಕಿಂಗ್ ಪೌಡರ್ ಕೂಡಿಸಿ ತೆಳ್ಳಗ ತಿಕ್ಕು. ಬಜಿಗೆ ಹಾಕೋ ಸೋಡಾ ಅಲ್ಲ ಮತ್ತ, ಅದು ಇಷ್ಟು ಬಿದ್ರ ಸಾಬಾಣದ ರುಚಿ ಬರತೈತಿ. ಜಾಳಿಗಿ ಮ್ಯಾಲ ಒಂದಕ್ಕೊಂದು ತಾಗದಂಗ ಹೊಂದಿಸಿ, ಮ್ಯಾಲ ಏನೂ ಮುಚ್ಚದಂಗ, ಫ್ರಿಜ್ಜಿನ ತಳದ ಖಾನೆದಾಗ ರಾತ್ರಿ ಇಡು. ಮ್ಯಾಲಿಟ್ರ ಹಸಿ ಕೋಳಿ ನೀರು ಮೊಸರಿಗೆ, ಹಾಲಿಗೆ ಬೀಳತೈತಿ. ಮುಂಜಾನೆ ಮುಟ್ಟಿ ನೋಡು, ಚರ್ಮ ಬಿಗದಿರತೈತಿ, ಬೆರಳಿಗೆ ಅಂಟೂದಿಲ್ಲ.

ಎರಡೂ ರಾಡ್ ಹಚ್ಚಿ, 220ಕ್ಕ ಇಟ್ಟು, 15 ನಿಮಿಷ ಖಾಲಿ ಕಾಯಸು. ಕೆಳಗಿನ ತಟ್ಟಿಗೆ ಫಾಯಿಲ್ ಹಾಸು, ತೊಳಿಯೂದು ತಪ್ಪತೈತಿ. ರೆಕ್ಕಿ ಜಾಳಿಗಿ ಸಮೇತ ಒಳಗಿಡು; 25 ನಿಮಿಷಕ್ಕ ತಿರುವಿ ಹಾಕು, ಆಮ್ಯಾಲ ಇನ್ನ 15-20 ನಿಮಿಷ. ಕಿವಿಗೊಟ್ಟು ಕೇಳು. ಮದ್ಲ ಚುಂಯ್ ಅಂತ ನೀರಿನ ಸಪ್ಪಳ, ಆಮ್ಯಾಲ ಪಟಪಟ ಕೊಬ್ಬು ಸಿಡಿಯೋ ಸಪ್ಪಳ. ಅದೂ ಕಡಿಮಿ ಆತಂದ್ರ ಬಾಗಲಾ ತಗದು ಬಣ್ಣ ನೋಡು. ಒಳಗಿನ ಕಾವು 74 ಡಿಗ್ರಿ ಮುಟ್ಟಿರಬೇಕು. ಥರ್ಮಾಮೀಟರ್ ಇಲ್ಲಂದ್ರ ದಪ್ಪನ್ನ ತುಂಡು ಎಲುಬಿನ ತನಕಾ ಹರಿ. ಎಲುಬಿನ ಸುತ್ತ ಹಸಿ ಕಂಡ್ರ ಮತ್ತ ಒಳಗಿಡು.

ಈಗ ಖಾರ. ಸಣ್ಣ ಉರಿ ಮ್ಯಾಲ ಎರಡು ಚಮಚಿ ಬೆಣ್ಣಿ ಕರಗಿಸಿ, ಜಜ್ಜಿದ ಬಳ್ಳೊಳ್ಳಿ ನಾಕೈದು ಎಸಳು ಹಾಕು. ಘಮ್ ಅಂದಕೂಡ್ಲೆ ಒಲಿ ಆರಸು. ಆರಿಸಿದ ಮ್ಯಾಲ ಒಂದೂವರಿ ಚಮಚಿ ಮಸಾಲಿ ಖಾರ, ಬೆಲ್ಲದ ಚೂರು, ಅರ್ಧ ಲಿಂಬಿಹಣ್ಣಿನ ರಸ. ಬಿಸಿ ರೆಕ್ಕಿ ಅದರಾಗ ಹಾಕಿ ಬೋಗಾಣಿ ಜಾಡಿಸು. ಬ್ಯಾಡಗಿ ಬಣ್ಣ ಅಲ್ಲೆ ಏರತೈತಿ. ಅಮೆರಿಕಾದ ಬಫಲೋ ಪಟ್ಟಣದ ಆ್ಯಂಕರ್ ಬಾರಿನ್ಯಾಗ 1964ರಾಗ ಶುರುವಾತು ಅನ್ನೋ ರೆಕ್ಕಿಗೂ ಬೆಣ್ಣಿ-ಖಾರ ಕಡೀಕ ಬಳದದ್ದು. ಅವರೂ ಅಲ್ಲೀತನಕ ರೆಕ್ಕಿ ಸೂಪಿಗೇ ಹಾಕತಿದ್ರಂತ, ನಮ್ಮಂಗ.

ಇನ್ನ ಮನಿ ಮಾತು. ಬೈಲಹೊಂಗಲದಾಗ ಕೋಳಿ ತಿನ್ನದವರ ಮನಿ ಭಾಳ. ನಾವು ಕೋಳಿಗೆ ಹಿತ್ತಲದಾಗ ಬ್ಯಾರೆ ಒಲಿ, ಬ್ಯಾರೆ ಗಡಗಿ ಇಟ್ಟೋರು. ಪುಣೆದಾಗ ನಿನಗ ಹಿತ್ತಲ ಎಲ್ಲಿಂದ ಬರಬೇಕು? ಮನಿ ಮಾಲಕರನ್ನ ಒಂದು ಮಾತು ಕೇಳು, ಕಿಡಕಿ ತಗದಿಡು. ಮಂಗಳವಾರ, ಶುಕ್ರವಾರ ನಿಮ್ಮವ್ವ ಸವದತ್ತಿ ಎಲ್ಲಮ್ಮನ ವಾರ ಹಿಡೀತಾಳ, ಆ ಎರಡು ದಿನ ರೆಕ್ಕಿ ಫೋಟೊ ಕಳಸಬ್ಯಾಡ. ಹುಣ್ಣಿವಿಗಂತೂ ಎಲ್ಲಮ್ಮನ ಪಡ್ಡಲಗಿ ತುಂಬಸೋ ಗಡಿಬಿಡ್ಯಾಗ ಇರತಾಳ, ಬೈಸ್ಕೋತಿ.

ಅಕ್ಟೋಬರ್ 23ಕ್ಕ ಕಿತ್ತೂರ ಉತ್ಸವಕ್ಕ ಬರತೇನಿ ಅಂದಿ. ಪುಣೆ ಬಸ್ಸು ಕಿತ್ತೂರ ಮ್ಯಾಲೇ ಹೋಗತೈತಿ, ಅಲ್ಲೇ ಇಳಿ, ನಾ ಗಾಡಿ ತಗೊಂಡು ಬರತೇನಿ. ಓವನ್ ಹೊತ್ಕೊಂಡು ಬರಬ್ಯಾಡ. ಇಲ್ಲೆ ಕರೆಂಟು ಮುಕ್ಕಾಲು ತಾಸು ಒಂದೇ ಸವನ ನಿಲ್ಲತೈತಿ ಅಂತ ಮಾತು ಕೊಡಾಕ ನನ್ನ ಕಡೆ ಆಗೂದಿಲ್ಲ. ನಿಮ್ಮ ಅತ್ತಿ ಬಿಳಿಜೋಳದ ರೊಟ್ಟಿ ಬಡೀತಾಳ, ಜವಾರಿ ಕೋಳಿಗೆ ನಾ ಹೇಳಿಟ್ಟೇನಿ.

ಇಂತಿ ನಿನ್ನ
ಮಾವ