ಮನೆಯಲ್ಲಿ ಮದ್ದಿನ ಜೋಪಾನ

ನಾನು ವೈದ್ಯಶಾಸ್ತ್ರದ ವಿದ್ಯಾರ್ಥಿಯಲ್ಲ, ಇತಿಹಾಸವನ್ನು ಓದುತ್ತಿರುವವನು. ಆದರೂ ಔಷಧದ ವಿಷಯವಾಗಿ ನಾಲ್ಕು ಮಾತು ಬರೆಯಲು ಹೊರಟಿರುವುದಕ್ಕೆ ನಮ್ಮ ಮನೆಯಲ್ಲಿ ನಡೆದ ಒಂದು ಪ್ರಸಂಗವೇ ಕಾರಣ.

ಹರಿಹರದಲ್ಲಿ ಹೊಳೆಯ ಕಡೆಗಿರುವ ಹಂಚಿನ ಮನೆ ನಮ್ಮದು. ಅಜ್ಜನಿಗೆ ಸಕ್ಕರೆ ಕಾಯಿಲೆ. ದಿನವೂ ಮಾತ್ರೆಯ ಹಾಳೆಯನ್ನು ಒಡೆಯುವುದು ಅವರ ನಡುಗುವ ಕೈಗೆ ಕಷ್ಟವೆಂದು ನಾನೇ ಎಲ್ಲವನ್ನೂ ಬಿಡಿಸಿ, ಒಂದು ಪೆಪ್ಪರ್ಮೆಂಟಿನ ಡಬ್ಬಿಯಲ್ಲಿ ತುಂಬಿ, ಹಾಳೆಗಳನ್ನು ಕಸಕ್ಕೆ ಎಸೆದಿದ್ದೆನು. ಕಳೆದ ಬೇಸಗೆಯಲ್ಲಿ ಅಕ್ಕನ ಮೂರು ವರ್ಷದ ಮಗ ಡಬ್ಬಿಯ ಮೇಲಿನ ಚಿತ್ರವನ್ನು ನಂಬಿದನು. ಸಂಜೆಯ ಹೊತ್ತಿಗೆ ಮಗು ಬೆವರಿ, ತೂಕಡಿಸಿ, ಕರೆದರೂ ಓಗೊಡದಾಯಿತು. ಎತ್ತಿಕೊಂಡು ಆಸ್ಪತ್ರೆಗೆ ಓಡಿದೆವು.

“ಯಾವ ಮಾತ್ರೆ ತಿಂದಾನೆ? ಅದರ ಕವರ್ ತಂದೀರೇನ್ರಿ?” ಎಂಬುದೇ ವೈದ್ಯರ ಮೊದಲ ಪ್ರಶ್ನೆ. ನಮ್ಮಲ್ಲಿ ಉತ್ತರವಿರಲಿಲ್ಲ. ನಾನು ಮನೆಗೆ ಹಿಂದಿರುಗಿ ಅಜ್ಜನ ಹಳೆಯ ಚೀಟಿಯನ್ನು ಹುಡುಕಿ ತರುವಷ್ಟರಲ್ಲಿ ಅವರು ರಕ್ತವನ್ನು ಪರೀಕ್ಷಿಸಿ ಗ್ಲೂಕೋಸ್ ಏರಿಸಿದ್ದರು. ಗ್ಲಿಮೆಪಿರೈಡ್‌ನಂಥ ಮಾತ್ರೆ ಒಂದೇ ಆದರೂ ಎಳೆಯ ಮಗುವಿನ ರಕ್ತದ ಸಕ್ಕರೆಯನ್ನು ಪ್ರಾಣಾಪಾಯದ ಮಟ್ಟಕ್ಕೆ ಇಳಿಸಬಲ್ಲುದು. ಒಮ್ಮೆ ಏರಿಸಿದರೂ ಅದು ಮತ್ತೆ ಇಳಿಯುವುದುಂಟು. ಆದ್ದರಿಂದ ಒಂದು ಹಗಲು, ಒಂದು ರಾತ್ರಿ ಕಾವಲಿದ್ದರು. ಮಗು ಉಳಿದನು.

ಅಂದು ನಾನು ಕಲಿತ ಪಾಠವಿಷ್ಟು: ಹೊದಿಕೆಯೂ ಔಷಧದ ಒಂದು ಅಂಗ. ಮದ್ದಿನ ಹೆಸರು, ಪ್ರಮಾಣ, ಅವಧಿ, ಇಡಬೇಕಾದ ಬಗೆ ಎಲ್ಲವೂ ಅದರ ಮೇಲೆಯೇ ಅಚ್ಚಾಗಿರುತ್ತವೆ. ಅಲ್ಲದೆ ಶಾಖ, ತೇವ, ಬೆಳಕು ಎಂಬ ಮೂರು ಶತ್ರುಗಳಲ್ಲಿ ಕೊನೆಯ ಎರಡನ್ನು ಹೊದಿಕೆಯೇ ತಡೆಯುತ್ತದೆ. ತೇವ ತಗುಲಿದ ಆಸ್ಪಿರಿನ್ ಒಡೆದು ವಿನೆಗರಿನಂತೆ ಹುಳಿ ವಾಸನೆ ಬೀರುತ್ತದೆ. ಎದೆನೋವಿಗೆ ನಾಲಗೆಯಡಿ ಇಡುವ ನೈಟ್ರೋಗ್ಲಿಸರಿನ್ ಆವಿಯಾಗಿ ಹೋಗುವ ಗುಣವುಳ್ಳದ್ದು. ಅದನ್ನು ಮೂಲದ ಗಾಜಿನ ಶೀಷೆಯಿಂದ ಬೇರೆಡೆಗೆ ಹಾಕಲೇಬಾರದು.

ಶಾಖವನ್ನು ಮಾತ್ರ ನಾವೇ ತಡೆಯಬೇಕು. ಅನೇಕ ಮಾತ್ರೆಗಳ ಮೇಲೆ 25 ಅಥವಾ 30 ಡಿಗ್ರಿ ಸೆಲ್ಸಿಯಸ್ ಮೀರದಂತೆ ಇಡಬೇಕೆಂದು ಬರೆದಿರುತ್ತದೆ. ನಮ್ಮ ಊರಿನ ಬೇಸಗೆ ಇದನ್ನು ಸುಲಭವಾಗಿ ಮೀರುತ್ತದೆ. ಒಲೆಯ ಮೇಲಿನ ಗೂಡು, ಬಚ್ಚಲಿನ ಗೋಡೆ, ಬಿಸಿಲು ಬೀಳುವ ಕಿಟಕಿ ಇವು ಮದ್ದಿಗೆ ತಕ್ಕ ಸ್ಥಳಗಳಲ್ಲ. ಒಳಕೋಣೆಯಲ್ಲಿ, ಮಕ್ಕಳ ಕೈಗೆಟುಕದ ಎತ್ತರದಲ್ಲಿ, ಬೀಗವಿರುವ ಮರದ ಬೀರು ಉತ್ತಮ. ತೆರೆಯದ ಇನ್ಸುಲಿನ್ ಶೀಷೆಗೆ 2ರಿಂದ 8 ಡಿಗ್ರಿ ಬೇಕು. ಫ್ರಿಜ್ಜಿನಲ್ಲಿ ಅದು ಹೆಪ್ಪುಗಟ್ಟಿದರೆ ಬಳಸಬಾರದು. ಫ್ರಿಜ್ ಇಲ್ಲದ ಮನೆಯಲ್ಲಿ, ಬಳಕೆಯಲ್ಲಿರುವ ಶೀಷೆಯನ್ನು ಮಣ್ಣಿನ ಗಡಿಗೆಯೊಳಗೆ ಇಟ್ಟು, ಆ ಗಡಿಗೆಯನ್ನು ದೊಡ್ಡ ಗಡಿಗೆಯಲ್ಲಿರಿಸಿ, ನಡುವೆ ಒದ್ದೆ ಮರಳು ತುಂಬಿದರೆ ನೀರು ಆರುವಾಗ ಒಳಗೆ ತಂಪಾಗುತ್ತದೆ.

ಅವಧಿ ಮೀರಿದ ಮದ್ದನ್ನು ತುಂಗಭದ್ರೆಗೆ ಎಸೆಯಬಾರದು; ನಾವು ಕುಡಿಯುವುದು ಆ ನೀರನ್ನೇ. ಚಹದ ಚರಟದೊಡನೆ ಬೆರೆಸಿ, ಚೀಲದಲ್ಲಿ ಕಟ್ಟಿ ಕಸದ ಗಾಡಿಗೆ ಕೊಡಬಹುದು.

ಈಗ ಬೆಳಗಿನ ಮಾತ್ರೆಯನ್ನು ನಾನೇ ಹಾಳೆಯಿಂದ ಒಡೆದು ಅಜ್ಜನ ಅಂಗೈಯಲ್ಲಿಡುತ್ತೇನೆ. ಅರ್ಧ ನಿಮಿಷದ ಕೆಲಸ. ಆ ಅರ್ಧ ನಿಮಿಷವನ್ನು ಉಳಿಸಲು ಹೋಗಿ ನಾನು ಕಳೆದುಕೊಳ್ಳಲಿದ್ದುದು ಎಂಥದು! ವಾಚಕ ಮಿತ್ರರು ಇಂದು ಮನೆಗೆ ಹೋದೊಡನೆ ಹಿರಿಯರ ಮದ್ದಿನ ಡಬ್ಬಿಯನ್ನು ಒಮ್ಮೆ ತೆರೆದು ನೋಡಿದರೆ ಈ ಲೇಖನವು ಸಾರ್ಥಕವಾದಂತೆ.