ಹೊತ್ತಿಗೆ ಸರಿಯಾಗಿ ಮಲಗುವುದು: ಗುಳಿಗೆಯೋ, ಮನೋನಿಶ್ಚಯವೋ?

‘ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ’ ಎಂಬ ಗಾದೆಯನ್ನು ನಾವೆಲ್ಲ ಕೇಳಿದ್ದೇವೆ. ಆದರೆ ನಗರವಾಸಿಗಳಾದ ನಮ್ಮಲ್ಲಿ ಚಿಂತೆಯಿಲ್ಲದವರೂ ನಡುರಾತ್ರಿಯವರೆಗೆ ಎಚ್ಚರವಾಗಿರುತ್ತಾರೆ. ಇದರ ಕಾರಣವನ್ನೂ ಪರಿಹಾರವನ್ನೂ ಈ ಪಾಠದಲ್ಲಿ ವಿಚಾರಿಸೋಣ.

ಮೊದಲು ಒಂದು ಭೇದವನ್ನು ತಿಳಿಯಬೇಕು. ಮಲಗಿದರೂ ನಿದ್ರೆ ಬಾರದಿರುವುದು ಒಂದು; ನಿದ್ರೆ ಬರುತ್ತಿದ್ದರೂ ಮಲಗದಿರುವುದು ಇನ್ನೊಂದು. ಮೊದಲನೆಯದು ನಿದ್ರಾಹೀನತೆ. ಎರಡನೆಯದು ಬರಿಯ ಮುಂದೂಡುವಿಕೆ. ನೆದರ್ಲೆಂಡ್ಸಿನ ಫ್ಲೋರ್ ಕ್ರೂಸೆ ಮತ್ತು ಅವರ ಸಂಗಡಿಗರು 2014ರಲ್ಲಿ ಈ ಎರಡನೆಯದನ್ನೇ ಅಭ್ಯಸಿಸಿ ಪ್ರಕಟಿಸಿದರು. ನಮ್ಮಲ್ಲಿ ಹಲವರ ತೊಂದರೆ ಇದೇ.

ನಿದ್ರೆಯನ್ನು ತರುವ ಶಕ್ತಿಗಳು ಎರಡು. ಎಚ್ಚರವಾಗಿದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೊಸಿನ್ ಎಂಬ ದ್ರವ್ಯ ಹೆಚ್ಚುತ್ತ ಹೋಗಿ ತೂಕಡಿಕೆಯನ್ನು ತರುತ್ತದೆ. ಚಹ, ಕಾಫಿಗಳ ಕೆಫೀನ್ ಅದರ ಕೆಲಸಕ್ಕೆ ಅಡ್ಡ ಬರುತ್ತದೆ. ದೇಹ ಸೇರಿದ ಕೆಫೀನಿನಲ್ಲಿ ಅರ್ಧ ಭಾಗ ಇಳಿಯಲು ಸುಮಾರು 5 ತಾಸು ಬೇಕು. ಎಂದರೆ ಸಂಜೆ 6ರ ಚಹದ ಅರ್ಧ ಪಾಲು ರಾತ್ರಿ 11ಕ್ಕೂ ಉಳಿದಿರುತ್ತದೆ. ಎರಡನೆಯ ಶಕ್ತಿ ದೇಹದೊಳಗಿನ ಗಡಿಯಾರ. ಅದರ ಯಂತ್ರವನ್ನು ಬಿಡಿಸಿ ತೋರಿಸಿದ ಮೂವರು ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಕತ್ತಲಾದ ಮೇಲೆ ಈ ಗಡಿಯಾರದ ಸೂಚನೆಯಂತೆ ಮೆಲಟೋನಿನ್ ಸ್ರವಿಸುತ್ತದೆ. ಕಣ್ಣಿಗೆ ಬೀಳುವ ಪ್ರಖರ ಬೆಳಕು ಅದನ್ನು ತಗ್ಗಿಸುತ್ತದೆ.

ಇನ್ನು ಗುಳಿಗೆಯ ಮಾತು. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಥ್ಯಾಲಿಡೊಮೈಡ್ ನಿರಪಾಯಕರ ನಿದ್ರೆಯ ಔಷಧವೆಂದು ಮಾರಾಟಕ್ಕೆ ಬಂತು. ಗರ್ಭಿಣಿಯರು ಅದನ್ನು ಸೇವಿಸಿದ್ದರಿಂದ ಸಾವಿರಾರು ಶಿಶುಗಳು ಅಂಗವಿಕಲರಾಗಿ ಹುಟ್ಟಿದವು. 1961ರಲ್ಲಿ ಅದನ್ನು ಅಲ್ಲಿ ಹಿಂದೆಗೆದುಕೊಂಡರು. ಇಂದಿನ ಆಲ್ಪ್ರಜೋಲಮ್, ಜೋಲ್ಪಿಡೆಮ್‌ಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದು. ಅವು ಚಟವಾಗಬಹುದು, ಮರುದಿನವೂ ಮಂಪರು ಉಳಿಯಬಹುದು, ಮದ್ಯದ ಜೊತೆಗೆ ಸೇರಿದರೆ ಪ್ರಾಣಕ್ಕೇ ಅಪಾಯ.

ನಾವೂ ಒಮ್ಮೆ ಗೆಳೆಯರೊಬ್ಬರಿಗೆ ವೈದ್ಯರು ಬರೆದುಕೊಟ್ಟ ಗುಳಿಗೆಯನ್ನು ಕೇಳಿ ನುಂಗಿದೆವು. ನುಂಗಿದ ಮೇಲೂ ಒಂದು ತಾಸು ಮೊಬೈಲ್ ನೋಡುತ್ತ ಕುಳಿತೆವು! ಮರುದಿನ ಹಾಜರಿಯನ್ನು ಪಗಾರದ ಪಟ್ಟಿಗೆ ಇಳಿಸುವಾಗ ಒಬ್ಬ ಕೆಲಸಗಾರನ 3 ದಿನಗಳು ಬಿಟ್ಟುಹೋದವು. ತಪ್ಪು ಸರಿಯಾಗುವಷ್ಟರಲ್ಲಿ ಅವನು ಊರಿಗೆ ಹಣ ಕಳಿಸುವ ದಿನ ದಾಟಿಹೋಗಿತ್ತು. ಅವನು ನಮ್ಮನ್ನು ಒಂದು ಮಾತೂ ಅನ್ನಲಿಲ್ಲ. ಅದೇ ಹೆಚ್ಚು ನೋಯಿಸಿತು. ಗುಳಿಗೆ ನಿದ್ರೆಯನ್ನು ತಂದೀತು. ದೀಪವನ್ನು ಆರಿಸಲಾರದು ಎಂದು ಅಂದು ತಿಳಿಯಿತು.

ಹಾಗಾದರೆ ಮನೋನಿಶ್ಚಯವೊಂದೇ ಸಾಕೇ? ಅದೂ ಸಾಲದು. ದಿನವೆಲ್ಲ ದುಡಿದು ದಣಿದ ಮನಸ್ಸು ‘ಇನ್ನು ಐದು ನಿಮಿಷ’ ಎಂಬ ಆಸೆಗೆ ಸುಲಭವಾಗಿ ಸೋಲುತ್ತದೆ. ನಿಶ್ಚಯವನ್ನು ಹಗಲಿನಲ್ಲೇ ಮಾಡಿ, ಒಂದು ನಿತ್ಯದ ಕೆಲಸಕ್ಕೆ ಗಂಟುಹಾಕಬೇಕು. ‘ಇದಾದ ಕೂಡಲೇ ಅದು’ ಎಂಬ ಈ ಬಗೆಯ ಸಂಕಲ್ಪ ಹೆಚ್ಚು ಫಲಕಾರಿಯೆಂದು ಮನಶ್ಶಾಸ್ತ್ರಜ್ಞ ಪೀಟರ್ ಗೊಲ್ವಿಟ್ಸರ್ 1999ರ ಲೇಖನದಲ್ಲಿ ವಿವರಿಸಿದ್ದಾರೆ. ನಾವು ಈಗ ಪಾಲಿಸುತ್ತಿರುವ ಕ್ರಮವಿದು:

1. ಏಳುವ ಹೊತ್ತನ್ನು ಮೊದಲು ಗೊತ್ತುಮಾಡಿ, ಹಿಂದಕ್ಕೆ ಎಣಿಸಬೇಕು. ವಯಸ್ಕರಿಗೆ 7 ತಾಸಾದರೂ ನಿದ್ರೆ ಬೇಕು. 5-30ಕ್ಕೆ ಏಳುವವರು 10-30ಕ್ಕೆ ನಿದ್ರಿಸಿರಬೇಕು. 10ಕ್ಕೇ ಹಾಸಿಗೆ ಬಿಡಿಸಬೇಕು.

2. ಸಂಜೆ 4ರ ನಂತರ ಚಹ ಬೇಡ.

3. ಊಟದ ತಟ್ಟೆ ತೊಳೆದಿಟ್ಟ ಕೂಡಲೇ ಮೊಬೈಲು ಅಡಿಗೆಯ ಕಟ್ಟೆಗೆ. ಒಂದೇ ಖೋಲಿಯ ಮನೆಯಾದರೆ ಮನೆಮಂದಿಯೆಲ್ಲ ಒಪ್ಪಿ ಒಟ್ಟಿಗೆ ದೀಪ ಆರಿಸಬೇಕು.

4. ಸುಮಾರು 20 ನಿಮಿಷ ಕಳೆದರೂ ನಿದ್ರೆ ಬಾರದಿದ್ದರೆ ಹೊರಳಾಡದೆ ಎದ್ದು, ಮಂದ ಬೆಳಕಿನಲ್ಲಿ ಕುಳಿತು, ತೂಕಡಿಕೆ ಬಂದಾಗ ಮಲಗಬೇಕು.

5. ಒಂದು ರಾತ್ರಿ ತಪ್ಪಿದರೂ ಏಳುವ ಹೊತ್ತು ತಪ್ಪಬಾರದು.

ವಾರದಲ್ಲಿ 3 ರಾತ್ರಿಯಂತೆ 3 ತಿಂಗಳಿನಿಂದ ನಿದ್ರೆ ಕೆಟ್ಟವರೂ, ಗೊರಕೆಯ ನಡುವೆ ಉಸಿರು ಕಟ್ಟುವವರೂ ವೈದ್ಯರನ್ನು ಕಾಣತಕ್ಕದ್ದು. ಈಗಾಗಲೇ ನಿತ್ಯ ಗುಳಿಗೆ ಸೇವಿಸುವವರು ತಾವಾಗಿಯೇ ಅದನ್ನು ಥಟ್ಟನೆ ನಿಲ್ಲಿಸಬಾರದು, ಅದರಿಂದಲೂ ಅಪಾಯವುಂಟು.

ಅಭ್ಯಾಸ: ವಾಚಕರು ಒಂದು ವಾರ ತಾವು ಮಲಗಿದ ಮತ್ತು ಎದ್ದ ಹೊತ್ತನ್ನು ವಹಿಯಲ್ಲಿ ಬರೆದಿಡಲಿ. ಹಣದ ಲೆಕ್ಕವಿಡುವವರು ನಿದ್ರೆಯ ಲೆಕ್ಕವನ್ನೂ ಇಡಬಾರದೇಕೆ? ನಮ್ಮ ನಿದ್ರೆಯನ್ನು ನಂಬಿ ದುಡಿಯುವವರು ಬೇರೆಯವರೂ ಇದ್ದಾರೆ.