ಗಾಳಿಗೆಂದೇ ಒಂದು ದಿನ ಬಿಡಿ

ಪಟಗೋನಿಯಾಕ್ಕೆ ಹೊರಟವರು ಮೊದಲು ಕೇಳುವುದು ಚಳಿ ಎಷ್ಟಿರುತ್ತದೆ ಎಂದು. ಕೇಳಬೇಕಾದದ್ದು ಗಾಳಿಯ ಬಗ್ಗೆ. ಚಿಲಿಯ ಟೊರೆಸ್ ದೆಲ್ ಪೈನೆ ರಾಷ್ಟ್ರೀಯ ಉದ್ಯಾನ ಇರುವುದು 51 ಡಿಗ್ರಿ ದಕ್ಷಿಣ ಅಕ್ಷಾಂಶದಲ್ಲಿ. ಆ ಮಟ್ಟದಲ್ಲಿ ಭೂಮಿಯನ್ನು ಸುತ್ತಿದರೂ ಅಡ್ಡ ಬರುವ ನೆಲ ಇಲ್ಲವೆನ್ನುವಷ್ಟು ಕಡಿಮೆ. ಪೆಸಿಫಿಕ್ ಮೇಲೆ ತಡೆಯಿಲ್ಲದೆ ಬೀಸಿ ಬಂದ ಪಡುವಣ ಗಾಳಿ ಈ ಬೆಟ್ಟಗಳಿಗೇ ಬಂದು ಬಡಿಯುತ್ತದೆ. ಗಂಟೆಗೆ 100 ಕಿ.ಮೀ. ದಾಟುವುದು ಅಲ್ಲಿನವರಿಗೆ ಸುದ್ದಿಯೇ ಅಲ್ಲ, ಅದೂ ಬೇಸಿಗೆಯಲ್ಲೇ ಅದರ ಅಬ್ಬರ ಜಾಸ್ತಿ.

ಅವರ ಬೇಸಿಗೆ ಎಂದರೆ ಡಿಸೆಂಬರಿನಿಂದ ಫೆಬ್ರವರಿ. ಹಗಲು ಉದ್ದ, ಜನವೂ ಹೆಚ್ಚು. ನನ್ನನ್ನು ಕೇಳಿದರೆ ಮಾರ್ಚ್ ವಾಸಿ: ಗಾಳಿ ಸ್ವಲ್ಪ ತಗ್ಗಿರುತ್ತದೆ, ತಿಂಗಳ ಕೊನೆಗೆ ಲೆಂಗಾ ಮರಗಳ ಎಲೆ ಕೆಂಪಾಗತೊಡಗುತ್ತದೆ.

ಭಾರತದಿಂದ ನೇರ ವಿಮಾನವಿಲ್ಲ. ಹೇಗಾದರೂ ಸಾಂತಿಯಾಗೊ ತಲುಪಿ, ಅಲ್ಲಿಂದ ಪುಂತಾ ಅರೇನಾಸ್‌ಗೆ ಹಾರಿ, ಮೂರು ಗಂಟೆ ಬಸ್ಸಿನಲ್ಲಿ ಕೂತರೆ ಪುವೆರ್ತೊ ನತಾಲೆಸ್. ಉದ್ಯಾನಕ್ಕೆ ಹೆಬ್ಬಾಗಿಲು ಈ ಊರೇ. ವೀಸಾ ನಿಯಮ ಬದಲಾಗುತ್ತಿರುತ್ತದೆ, ದೆಹಲಿಯ ರಾಯಭಾರ ಕಚೇರಿಯಲ್ಲಿ ವಿಚಾರಿಸಿಕೊಳ್ಳಿ.

ಆದರೆ ಟಿಕೆಟ್ ತೆಗೆಯುವ ಮುಂಚೆ ಹಾಸಿಗೆ ಕಾಯ್ದಿರಿಸಿ. ಉದ್ಯಾನದೊಳಗೆ ಕಂಡಲ್ಲಿ ಟೆಂಟ್ ಹಾಕುವಂತಿಲ್ಲ. ‘ಡಬ್ಲ್ಯೂ’ ಚಾರಣ ನಾಲ್ಕೈದು ದಿನದ್ದು, ಪ್ರತಿ ರಾತ್ರಿಗೂ ಶಿಬಿರತಾಣದಲ್ಲೋ ರೆಫೂಹಿಯೊ ಎಂಬ ತಂಗುಮನೆಯಲ್ಲೋ ಜಾಗ ಮೊದಲೇ ಗೊತ್ತಾಗಿರಬೇಕು. ಬೇಸಿಗೆಯ ಜಾಗಗಳು ತಿಂಗಳುಗಟ್ಟಲೆ ಮುಂಚೆ ತುಂಬಿಹೋಗುತ್ತವೆ. ಬೆಂಕಿ ಹಾಕುವುದಂತೂ ಕಡ್ಡಾಯವಾಗಿ ನಿಷಿದ್ಧ. ಪ್ರವಾಸಿಗರ ಅಜಾಗರೂಕತೆಯಿಂದ 2005ರಲ್ಲೊಮ್ಮೆ, 2011ರ ಕೊನೆಯಲ್ಲೊಮ್ಮೆ ಬೆಂಕಿ ಹತ್ತಿ, ಈ ಗಾಳಿಗೆ ಸಾವಿರಾರು ಹೆಕ್ಟೇರ್ ಸುಟ್ಟುಹೋಯಿತು.

ಹಿಮಾಲಯದ ಚಾರಣ ಮಾಡಿದವರಿಗೆ ಎತ್ತರದ ಅಂಜಿಕೆ ಇರುತ್ತದೆ. ಇಲ್ಲಿ ಅದು ಬೇಡ. ಮೂರು ಕಲ್ಲುಗೋಪುರಗಳ ಬುಡದ ಕೆರೆ ಇರುವುದು ಹೆಚ್ಚುಕಡಿಮೆ ಬೆಂಗಳೂರಿನ ಎತ್ತರದಲ್ಲಿ. ಕುಮಾರಪರ್ವತ ಅದಕ್ಕಿಂತ ಎಷ್ಟೋ ಮೇಲೆ. ಹಾಗೆಂದು ಹಗುರವಾಗಿ ತೆಗೆದುಕೊಳ್ಳಬೇಡಿ. ಹೋಗಿಬರಲು ಸುಮಾರು 20 ಕಿ.ಮೀ., ಮೇಲೇರುವಾಗಿನ ಕೊನೆಯ ಮುಕ್ಕಾಲು ಗಂಟೆ ಬರೀ ಬಂಡೆಗಳ ರಾಶಿ. ಕೆರೆಗಳ ಪಕ್ಕ ನಡೆಯುವಾಗ ನೀರಿನ ಮೇಲೆ ಕಣ್ಣಿಡಿ: ಬಿಳಿ ತುಂತುರು ಎದ್ದು ನಿಮ್ಮತ್ತ ಓಡಿ ಬರುತ್ತಿದ್ದರೆ ಅದರ ಹಿಂದೆಯೇ ಗಾಳಿ ಇದೆ. ಬೆನ್ನು ತಿರುಗಿಸಿ, ಕೋಲು ಊರಿ, ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಡಿ. ಅಂಚಿನಲ್ಲಿ ನಿಂತು ಸೆಲ್ಫಿ ಬೇಡ.

ಕೊಡೆ, ಪೊಂಚೊ ಎರಡನ್ನೂ ಮನೆಯಲ್ಲೇ ಬಿಡಿ. ಬ್ಯಾಗಿನ ಮಳೆಹೊದಿಕೆಯೂ ಹಾರಿಹೋಗುತ್ತದೆ. ಒಳಗೆ ದಪ್ಪ ಪ್ಲಾಸ್ಟಿಕ್ ಚೀಲ ಇಟ್ಟು ಅದರಲ್ಲಿ ಬಟ್ಟೆ ತುಂಬಿ. ಬಾಡಿಗೆ ಕಾರು ತೆಗೆದುಕೊಂಡರೆ ಗಾಳಿಗೆ ಮುಖ ಮಾಡಿ ನಿಲ್ಲಿಸಿ, ಬಾಗಿಲನ್ನು ಕೈಬಿಡದೆ ತೆರೆಯಿರಿ. ಕೀಲು ಕಿತ್ತುಬಂದರೆ ದುಡ್ಡು ನಿಮ್ಮದೇ.

ಎಂಟೊಂಬತ್ತು ದಿನದ ‘ಓ’ ಸುತ್ತು ಅನುಭವಿಗಳಿಗೆ ಮಾತ್ರ. ಅದರ ಜಾನ್ ಗಾರ್ಡ್ನರ್ ಕಣಿವೆಮಾರ್ಗದ ಬಳಿ 2025ರ ನವೆಂಬರಿನಲ್ಲಿ ಹಿಮಬಿರುಗಾಳಿಗೆ ಸಿಕ್ಕಿ ಐವರು ಪ್ರವಾಸಿಗರು ಸತ್ತರು. ಅರಣ್ಯ ಕಾವಲಿನವರು ದಾರಿ ಮುಚ್ಚಿದೆ ಎಂದರೆ ವಾದ ಬೇಡ. ಯಾವ ಚಾರಣವಾದರೂ ಯೋಜನೆಯಲ್ಲಿ ಕನಿಷ್ಠ ಒಂದು ದಿನ ಖಾಲಿ ಬಿಡಿ. ಗಾಳಿ ಜೋರಾದರೆ ಪೆಹೋಯೆ ಸರೋವರದ ದೋಣಿಯೂ ನಿಲ್ಲುತ್ತದೆ, ಹಿಂದೆಯೇ ಬಸ್ಸು, ವಿಮಾನ ಎಲ್ಲ ತಪ್ಪುತ್ತವೆ.

ಇಷ್ಟೆಲ್ಲ ಮುಂಗಡ ಬೇಡ ಎನ್ನುವವರು ಅರ್ಜೆಂಟೀನಾದ ಎಲ್ ಚಾಲ್ತೆನ್‌ಗೆ ಹೋಗಲಿ. ಊರಲ್ಲೇ ಮಲಗಿ, ಬೆಳಿಗ್ಗೆ ಆಕಾಶ ನೋಡಿ, 3,405 ಮೀಟರಿನ ಫಿಟ್ಸ್‌ರಾಯ್ ಶಿಖರದ ಬುಡಕ್ಕೆ ನಡೆದು ಸಂಜೆಗೆ ವಾಪಸಾಗಬಹುದು.

ಸಸ್ಯಾಹಾರಿಗಳು ತಂಗುಮನೆ ಕಾಯ್ದಿರಿಸುವಾಗಲೇ ಹೇಳಬೇಕು, ಕೋಳಿ, ಮೀನನ್ನೂ ಹೆಸರು ಹಿಡಿದು ಬೇಡವೆನ್ನಬೇಕು. ನತಾಲೆಸ್‌ನ ಅಂಗಡಿಗಳಲ್ಲಿ ಅಕ್ಕಿ, ಬೇಳೆಕಾಳು ಸಿಗುತ್ತವೆ. ಚಟ್ನಿಪುಡಿ ಒಯ್ಯುವುದಾದರೆ ಅಂಗಡಿಯ ಮುಚ್ಚಿದ ಪೊಟ್ಟಣವೇ ಇರಲಿ, ಘೋಷಣಾ ಪತ್ರದಲ್ಲಿ ಅದನ್ನು ಬರೆಯಿರಿ. ಹಣ್ಣು, ಬೀಜ, ಜೇನಿನ ವಿಷಯದಲ್ಲಿ ಚಿಲಿಯವರು ಬಹಳ ಕಟ್ಟುನಿಟ್ಟು, ಮುಚ್ಚಿಟ್ಟರೆ ದಂಡ. ಅರ್ಜೆಂಟೀನಾದಿಂದ ಬಸ್ಸಿನಲ್ಲಿ ಬರುವಾಗಲೂ ಗಡಿಯಲ್ಲಿ ಚೀಲ ತಪಾಸಣೆ ಆಗುತ್ತದೆ. ಸೇಬು ಉಳಿದಿದ್ದರೆ ಗಡಿ ಬರುವ ಮುಂಚೆ ತಿಂದು ಮುಗಿಸಿ.